ಎರಡೂ ಚೀಟಿ ಒಟ್ಟಿಗೆ ತೋರಿಸಿ
ಸಕ್ಕರೆ ಕಾಯಿಲೆ ಇರುವವರಿಗೆ ಹೊಟ್ಟೆಹುಣ್ಣೂ ಆದರೆ, ಎರಡರ ಔಷಧಿ ಚೀಟಿಯನ್ನೂ ಒಟ್ಟಿಗೇ ವೈದ್ಯರ ಮುಂದಿಡಿ. ಹುಣ್ಣಿಗೆ ಬಹಳ ಸಲ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಕಾರಣ. ಅದಕ್ಕೆ ಕೊಡುವ ಕ್ಲಾರಿಥ್ರೋಮೈಸಿನ್ ಎಂಬ ಔಷಧಿ, ಗ್ಲಿಬೆನ್‌ಕ್ಲಮೈಡ್ ಅಥವಾ ಗ್ಲಿಪಿಜೈಡ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆಯ ಜತೆ ಸೇರಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ವಯಸ್ಸಾದವರ, ಮೂತ್ರಪಿಂಡ ಸೋತವರ ವಿಷಯದಲ್ಲಿ ನನಗೆ ಇದರದ್ದೇ ಹೆಚ್ಚು ಚಿಂತೆ. ಬೆವರು, ಕೈನಡುಕ, ತಲೆಸುತ್ತು ಕಂಡರೆ ಕೂಡಲೇ ಸಕ್ಕರೆ ನೀರು ಕುಡಿದು ವೈದ್ಯರಿಗೆ ಫೋನ್ ಮಾಡಿ.

ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆಯಿಂದ ಹೊಟ್ಟೆ ತೊಳಸಿದರೆ, ಅದನ್ನು ಊಟದ ಜತೆ ತೆಗೆದುಕೊಳ್ಳಿ, ನೀವಾಗಿಯೇ ನಿಲ್ಲಿಸಬೇಡಿ. ಸಕ್ಕರೆ ಏರಿದರೆ ಹುಣ್ಣು ಮಾಯುವುದೂ ನಿಧಾನ. ಮಂಡಿನೋವಿಗೆಂದು ನೀವೇ ಅಂಗಡಿಯಿಂದ ತಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೇನ್ ಮಾತ್ರ ಇವತ್ತೇ ಬಿಡಿ; ಅವು ಹುಣ್ಣನ್ನು ಕೆಣಕುತ್ತವೆ. ಮಲ ಡಾಂಬರಿನಂತೆ ಕಪ್ಪಾದರೆ ನಾಳೆಗೆ ಕಾಯದೆ ಆಸ್ಪತ್ರೆಗೆ ಹೋಗಿ.