ಮತವನ್ನು ಆರಿಸಿಕೊಳ್ಳುವ ವಿಚಾರ

'ಮತ' ಎಂಬ ಶಬ್ದವು 'ಮನ್' ಧಾತುವಿನಿಂದ ಹುಟ್ಟಿದುದು. ಆಲೋಚಿಸಲ್ಪಟ್ಟುದು ಎಂಬುದೇ ಅದರ ಅರ್ಥ. 'ಧರ್ಮ' ಶಬ್ದಕ್ಕೆ 'ಧೃ' ಧಾತು ಮೂಲ. ಧರಿಸುವುದು, ಎತ್ತಿಹಿಡಿಯುವುದು ಎಂದು ಅದರ ಅರ್ಥ. ಲೋಕವ್ಯವಹಾರದಲ್ಲಿ ಜನರು ಈ ಎರಡನ್ನೂ ಒಂದೇ ಎಂಬಂತೆ ಬಳಸುವುದುಂಟು. ಆದರೆ ಧಾತ್ವರ್ಥವನ್ನು ಬಿಡದೆ ನೋಡಿದರೆ ಒಂದು ಸೂಕ್ಷ್ಮ ಕಾಣುತ್ತದೆ. ಆಲೋಚನೆಗೆ ಒಳಗಾಗದುದು ಮತವೆನಿಸದು. ಬಾಳನ್ನು ಎತ್ತಿಹಿಡಿಯದುದು ಧರ್ಮವೆನಿಸದು. ಅಜ್ಜ ಮಾಡಿದನೆಂದು ಅಪ್ಪ, ಅಪ್ಪ ಮಾಡಿದನೆಂದು ಮಗ ಮಾಡುತ್ತಿರುವ ಆಚಾರವು ಮನೆತನದ ರೂಢಿಯಾದೀತು, ಮತವಾಗಬೇಕಾದರೆ ಮಗನೂ ಒಮ್ಮೆ ಆಲೋಚಿಸಲೇಬೇಕು.

ಈ ವಿಚಾರವು ಇಂದು ಪಂಡಿತರ ಗೋಷ್ಠಿಯಲ್ಲಿ ಮಾತ್ರ ಉಳಿದಿಲ್ಲ. ಕಲಬುರಗಿಯ ಜೇವರ್ಗಿ ಕಾಲೋನಿಯಂತಹ ಬಡಾವಣೆಯ ಗೃಹಸ್ಥರ ಪಡಸಾಲೆಗೇ ಅದು ಬಂದು ಕುಳಿತಿದೆ. ಜೇವರ್ಗಿ ತಾಲೂಕಿನ ಅರಳಗುಂಡಗಿಯಲ್ಲಿ ಹುಟ್ಟಿ ದಾಸೋಹದಿಂದ ನಾಡಿಗೆಲ್ಲ ಹೆಸರಾದ ಶರಣಬಸವೇಶ್ವರರ ಗುಡಿ ಈ ನಗರದಲ್ಲಿದೆ. 1422ರಲ್ಲಿ ದೇಹವಿಟ್ಟ ಖ್ವಾಜಾ ಬಂದೇನವಾಜರ ದರ್ಗಾ ಇಲ್ಲಿಯೇ ಇದೆ. 2009ರಲ್ಲಿ ಉದ್ಘಾಟನೆಯಾದ ಬುದ್ಧವಿಹಾರವಿದೆ, ಕ್ರೈಸ್ತರ ಚರ್ಚುಗಳಿವೆ. ಓದಲೆಂದು, ನೌಕರಿಗೆಂದು ಹೊರಗೆ ಹೋದ ಮಗನಾಗಲಿ ಮಗಳಾಗಲಿ ಇವನ್ನೆಲ್ಲ ನೋಡಿ, ಒಂದು ದಿನ ಮನೆಗೆ ಬಂದು, "ಅಪ್ಪಾಜಿ, ನಾನು ಇದನ್ನೇ ಏಕೆ ಪಾಲಿಸಬೇಕು? ನನಗೆ ಸರಿಬೀಳುವುದನ್ನು ನಾನೇ ಏಕೆ ಆರಿಸಿಕೊಳ್ಳಬಾರದು?" ಎಂದು ಕೇಳಿದರೆ ತಂದೆಯ ಎದೆ ಝಲ್ಲೆನ್ನುತ್ತದೆ. ಆಗ ಹಿರಿಯರು ಸಾಮಾನ್ಯವಾಗಿ ಎರಡರಲ್ಲಿ ಒಂದು ಉತ್ತರ ಕೊಡುತ್ತಾರೆ. ಕೆಲವರು ಗದರಿಸುತ್ತಾರೆ. ಕೆಲವರು "ಎಲ್ಲ ಧರ್ಮಗಳೂ ಒಂದೇ, ಸುಮ್ಮನಿರು" ಎನ್ನುತ್ತಾರೆ. ಗದರಿಕೆಯು ಪ್ರಶ್ನೆಯನ್ನು ಒಳಗೆ ಅದುಮುತ್ತದೆ. ಎರಡನೆಯ ಮಾತು ಪ್ರಶ್ನೆಯನ್ನೇ ಹಗುರ ಮಾಡುತ್ತದೆ. ಎಲ್ಲವೂ ಒಂದೇ ಆಗಿದ್ದರೆ ಬಸವಣ್ಣನವರು ಮನೆ ಬಿಟ್ಟು ಹೋಗುವ ಕಾರಣವೇನಿತ್ತು?

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ: ತಾಯಿಯನ್ನು ಯಾರೂ ಆರಿಸಿಕೊಳ್ಳುವುದಿಲ್ಲ, ಹಾಗೆಯೇ ಧರ್ಮವೂ ಹುಟ್ಟಿನಿಂದ ಬಂದುದು, ಅದರಲ್ಲಿ ಆಯ್ಕೆಗೆ ಎಡೆಯೆಲ್ಲಿ? ಈ ಮಾತು ಕೇಳುವುದಕ್ಕೆ ಹಿತ. ಆದರೆ ಶರಣಪರಂಪರೆಗೆ ಇದು ಸಲ್ಲದು. ಹುಟ್ಟಿದ ಮನೆಯವರು ಉಪನಯನಕ್ಕೆ ಸಿದ್ಧರಾದಾಗ ಅದನ್ನು ನಿರಾಕರಿಸಿ, ಕೃಷ್ಣೆ ಮಲಪ್ರಭೆಗಳು ಕೂಡುವ ಸಂಗಮಕ್ಕೆ ನಡೆದ ಬಾಲಕನಿಂದಲೇ ಈ ಪರಂಪರೆಯ ಕಥೆ ಆರಂಭವಾಗುತ್ತದೆ. ಕಲ್ಯಾಣದ ಶರಣರಲ್ಲಿ ಅನೇಕರು ಅಲ್ಲಿಯೇ ಹುಟ್ಟಿದವರಲ್ಲ. ಮೋಳಿಗೆಯ ಮಾರಯ್ಯನವರು ಕಾಶ್ಮೀರದಿಂದ ಬಂದವರೆಂದು ಐತಿಹ್ಯ ಹೇಳುತ್ತದೆ. ಸಮಗಾರ ಹರಳಯ್ಯನವರೂ ಬ್ರಾಹ್ಮಣ ಮಧುವರಸರೂ ಬೀಗರಾದರು. ಅದಕ್ಕಾಗಿ ಪ್ರಾಣವನ್ನೇ ತೆತ್ತರು. ಹುಟ್ಟೇ ಸಾಕೆನ್ನುವ ಸಿದ್ಧಾಂತದಲ್ಲಿ ಇವರಲ್ಲಿ ಒಬ್ಬರಿಗೂ ಸ್ಥಾನವಿಲ್ಲ. ವೀರಶೈವರ ಮನೆಗಳಲ್ಲಿ ಕೂಸಿಗೆ ಲಿಂಗಧಾರಣೆ ಮಾಡಿಸಿಯೂ, ಬುದ್ಧಿ ತಿಳಿದ ಮೇಲೆ ಗುರುವಿನಿಂದ ದೀಕ್ಷೆ ಕೊಡಿಸುವುದು ಏತಕ್ಕೆ? ಮೊದಲನೆಯದು ತಂದೆತಾಯಿಗಳ ಸಂಕಲ್ಪ, ಎರಡನೆಯದು ಮಗುವಿನ ಸಮ್ಮತಿ. ಆ ಸಮ್ಮತಿಯನ್ನು ಕೇಳದೆಯೇ ದೀಕ್ಷೆಯನ್ನು ಊಟದ ಸಡಗರವಾಗಿ ಮುಗಿಸುವ ಮನೆಯವರು, ಮುಂದೆ ಮಕ್ಕಳು ಪ್ರಶ್ನೆ ಕೇಳಿದಾಗ ಬೆಚ್ಚಿಬೀಳುವುದು ಸಹಜವೇ.

ಆಯ್ಕೆ ಹೇಗಿರಬೇಕೆಂಬುದಕ್ಕೆ ಸೊನ್ನಲಿಗೆಯ ಸಿದ್ಧರಾಮಯ್ಯನವರ ಚರಿತ್ರೆಗಿಂತ ಮಿಗಿಲಾದ ಪಾಠವಿಲ್ಲ. ಸೊನ್ನಲಿಗೆಯೆಂದರೆ ಇಂದಿನ ಸೊಲ್ಲಾಪುರ. ಕಲಬುರಗಿಯವರಿಗೆ ನೆರೆಯೂರೇ ಸರಿ. ಅವರು ಕೆರೆ ಕಟ್ಟಿಸಿದರು, ಗುಡಿಗಳನ್ನು ನಿಲ್ಲಿಸಿದರು, ಶ್ರೀಶೈಲದ ಮಲ್ಲಿಕಾರ್ಜುನನಲ್ಲಿ ಅಚಲವಾದ ಭಕ್ತಿಯಿಟ್ಟರು. ಊರಿಗೆ ಊರೇ ಅವರನ್ನು ಯೋಗಿಯೆಂದು ಪೂಜಿಸುತ್ತಿತ್ತು. ಅಂತಹವರ ಬಳಿಗೆ ಅಲ್ಲಮಪ್ರಭುಗಳು ಬಂದು, ಕೆರೆ ಅಗೆಯುವ ಒಡ್ಡನೆಂದು ಅವರನ್ನು ಕರೆದರು. ಕೆಲಸಗಾರರು ಕಲ್ಲು ತೂರಿದರು, ಸಿದ್ಧರಾಮಯ್ಯನವರೂ ಕೆರಳಿದರು. ಕೋಪ ಇಳಿದ ಮೇಲೆ ಅವರಿಗೆ ಒಂದು ಕೊರತೆ ತಿಳಿಯಿತು: ಹೊರಗೆ ಇಷ್ಟೆಲ್ಲ ಕಟ್ಟಿದರೂ ಒಳಗಿನದೊಂದು ಉಳಿದುಬಿಟ್ಟಿದೆ. ಅವರು ಪ್ರಭುಗಳೊಡನೆ ಕಲ್ಯಾಣಕ್ಕೆ ನಡೆದರು. ಅಲ್ಲಿಯೂ ಒಮ್ಮೆಲೇ ತಲೆಬಾಗಲಿಲ್ಲ. ಅಂತರಂಗದಲ್ಲಿ ಅರಿವು ನೆಲೆಗೊಂಡವನಿಗೆ ಕೈಯಲ್ಲಿ ಇಷ್ಟಲಿಂಗವೇಕೆ ಎಂಬ ವಾದವನ್ನು ಮುಂದಿಟ್ಟರು. ಆ ವಾದಕ್ಕೆ ಉತ್ತರ ದೊರೆತ ಮೇಲೆಯೇ, ವಯಸ್ಸಿನಲ್ಲಿ ಕಿರಿಯರಾದ ಚನ್ನಬಸವಣ್ಣನವರಿಂದ ದೀಕ್ಷೆ ಪಡೆದರು.

ಈ ಪ್ರಸಂಗದ ವಿಷಯದಲ್ಲಿ ನಮ್ಮ ಗ್ರಂಥಗಳೇ ಏಕಮತವಾಗಿಲ್ಲವೆಂಬುದನ್ನು ಸದ್ಭಕ್ತರು ಬಲ್ಲರೋ ಇಲ್ಲವೋ. ಶಿವಗಣಪ್ರಸಾದಿ ಮಹಾದೇವಯ್ಯನವರು ಸಂಕಲಿಸಿದ ಮೊದಲನೆಯ ಶೂನ್ಯಸಂಪಾದನೆಯಲ್ಲಿ ಸಿದ್ಧರಾಮಯ್ಯನವರ ಲಿಂಗದೀಕ್ಷೆಯ ಪ್ರಸಂಗವಿಲ್ಲ. ಅದು ಕೊರತೆಯೆಂದು ತೋರಿ, ಹಲಗೆಯಾರ್ಯರು ತಮ್ಮ ಸಂಪಾದನೆಯಲ್ಲಿ ಅದನ್ನು ಸೇರಿಸಿದರು. ಮುಂದಿನವರು ಅವರನ್ನೇ ಅನುಸರಿಸಿದರು. ಹೊರಗಿನ ಕುರುಹು ಇಲ್ಲದೆ ಒಳಗಿನ ನಿಲುವು ಸಾಧ್ಯವೇ ಎಂಬ ಪ್ರಶ್ನೆಯನ್ನು ಪೂರ್ವಿಕರು ತಮ್ಮ ತಮ್ಮಲ್ಲಿಯೇ ಶತಮಾನಗಳ ಹಿಂದೆ ಚರ್ಚಿಸಿದರು. ಆದುದರಿಂದ ಕಾಲೇಜಿನಲ್ಲಿ ಓದುವ ಮಗ ಅದೇ ಪ್ರಶ್ನೆಯನ್ನು ಕೇಳಿದರೆ ಅವನು ಧರ್ಮದ್ರೋಹಿಯಾಗುವುದಿಲ್ಲ.

ಇದರಲ್ಲಿ ಇನ್ನೂ ಒಂದು ಸ್ವಾರಸ್ಯವಿದೆ. ದೀಕ್ಷೆಯಾದ ಮೇಲೆ ಸಿದ್ಧರಾಮಯ್ಯನವರು ತಮ್ಮ ಕೆರೆಯನ್ನು ಒಡೆಸಲಿಲ್ಲ. 'ಕಪಿಲಸಿದ್ಧಮಲ್ಲಿಕಾರ್ಜುನ' ಎಂಬ ಅಂಕಿತವನ್ನೂ ಬಿಡಲಿಲ್ಲ. ಎಳವೆಯಲ್ಲಿ ಕರೆದ ದೇವರ ಹೆಸರೇ ಹೊಸ ಅರಿವಿನ ಮಾತಿಗೂ ಅಂಕಿತವಾಯಿತು. ಸೊಲ್ಲಾಪುರದ ಕೆರೆ ಇಂದಿಗೂ ಇದೆ. ಹೊಸದನ್ನು ವರಿಸುವವನು ಹಳೆಯದನ್ನು ಹಳಿಯಬೇಕಾಗಿಲ್ಲವೆಂಬುದಕ್ಕೆ ಬೇರೆ ಪ್ರಮಾಣ ಬೇಡ.

ಕಲಬುರಗಿ ಜಿಲ್ಲೆಯ ಆಳಂದದಲ್ಲಿ ಹುಟ್ಟಿದ ಏಕಾಂತದ ರಾಮಯ್ಯನವರ ಕಥೆ ಬೇರೆಯ ಬಗೆಯದು. ಅಬ್ಬಲೂರಿನಲ್ಲಿ ಜೈನರೊಡನೆ ಪಣತೊಟ್ಟು, ಶಿರಸ್ಸನ್ನು ಅರಿದಿಟ್ಟು ಮತ್ತೆ ಪಡೆದು ಗೆದ್ದರೆಂದೂ ಬಿಜ್ಜಳನು ಅವರಿಗೆ ಜಯಪತ್ರ ಕೊಟ್ಟನೆಂದೂ ಅಲ್ಲಿಯ ಶಾಸನ ಸಾರುತ್ತದೆ. ಆ ನಿಷ್ಠೆ ವಂದನೀಯ. ಆದರೆ ಗೃಹಸ್ಥರು ಮತವಿಚಾರವನ್ನು ಕಲಿಯಬೇಕಾದುದು ಅಬ್ಬಲೂರಿನ ಪಣದಿಂದಲ್ಲ, ಕಲ್ಯಾಣದ ಅನುಭವಗೋಷ್ಠಿಯಿಂದ. ಗೆದ್ದವನ ಮತವೇ ದೊಡ್ಡದೆಂದು ನಂಬಿ ಬಂದವನು, ಮರುದಿನ ಇನ್ನೊಬ್ಬನು ಗೆದ್ದರೆ ಅವನ ಹಿಂದೆಯೇ ಹೋದಾನು. ರೋಗ ವಾಸಿಯಾಯಿತೆಂದು, ಸಾಲ ತೀರಿತೆಂದು, ಹೆಣ್ಣು ದೊರೆಯಿತೆಂದು ಮತಾಂತರವಾಗುವವರ ಗತಿಯೂ ಇದೇ.

ತಾಳ್ಮೆಯ ಮಾತಿಗೆ ಈ ಕಾಲದ ಉದಾಹರಣೆ ಡಾಕ್ಟರ್ ಅಂಬೇಡ್ಕರರದು. ಹಿಂದೂವಾಗಿ ಸಾಯಲಾರೆನೆಂದು ಅವರು ಯೇವಲೆಯಲ್ಲಿ ಸಾರಿದುದು 1935ರಲ್ಲಿ. ನಾಗಪುರದಲ್ಲಿ ಬೌದ್ಧದೀಕ್ಷೆ ಪಡೆದುದು 1956ರ ಅಕ್ಟೋಬರ್ 14ರಂದು. ನಡುವೆ 21 ವರುಷ. ಕೋಟಿ ಜನರ ಅವಮಾನವನ್ನು ಎದೆಯಲ್ಲಿಟ್ಟುಕೊಂಡಿದ್ದ ಪುರುಷನು, ಬಿಡುವುದನ್ನು ನಿಶ್ಚಯಿಸಿದ ಮೇಲೆಯೂ, ಹಿಡಿಯುವುದನ್ನು ಅಷ್ಟು ಕಾಲ ಶೋಧಿಸಿದನು. ಬಿಟ್ಟ ಕಾರಣವು ಹಿಂದುಗಳೆಲ್ಲರಿಗೂ, ಜಾತಿಯನ್ನು ಮರಳಿ ಒಳಗೆ ಕರೆದುಕೊಂಡ ಲಿಂಗಾಯತರಿಗೂ, ಲಜ್ಜೆಯ ವಿಷಯವೆಂಬುದನ್ನು ಇಲ್ಲಿ ಮರೆಮಾಚಬೇಕಾಗಿಲ್ಲ.

ಹಾಗಾದರೆ ತನಗೆ ಸಲ್ಲುವ ಮತವನ್ನು ಗುರುತಿಸುವುದು ಹೇಗೆ? ಒಗ್ಗುವುದು ಬೇರೆ, ಒಪ್ಪುವುದು ಬೇರೆ. ನಿದ್ರೆಗೆ, ನಾಲಗೆಗೆ, ಹಣದ ಚೀಲಕ್ಕೆ ತೊಂದರೆ ಕೊಡದ ಮತವು ಎಲ್ಲರಿಗೂ ಒಗ್ಗುತ್ತದೆ. ಅದರಿಂದ ಯಾರೂ ಬದಲಾಗುವುದಿಲ್ಲ. ಒಪ್ಪುವುದೆಂದರೆ, ಕಷ್ಟವೆನಿಸಿದರೂ ಇದು ನಿಜವೆಂದು ಅಂತಃಸಾಕ್ಷಿ ಹೇಳುವುದು. ಜಿಜ್ಞಾಸುವು ಗ್ರಂಥ ಓದಿದರೆ ಸಾಲದು, ಆ ಮತದವರ ಮನೆಯಲ್ಲಿ ನಾಲ್ಕು ದಿನ ಇದ್ದು ನೋಡತಕ್ಕದ್ದು. ಅವರು ತಮ್ಮ ದುಡಿಮೆಯನ್ನು ಪೂಜೆಯಷ್ಟೇ ಶುಚಿಯಾಗಿ ಮಾಡುವರೇ? ಪಂಕ್ತಿಯಲ್ಲಿ ಕಡೆಗೆ ಕುಳಿತವನಿಗೂ ಅದೇ ಸಾರನ್ನು ಬಡಿಸುವರೇ? ಹೆಂಗಸರು ಅಲ್ಲಿ ಮಾತನಾಡಬಲ್ಲರೇ, ಅಥವಾ ಬಾಗಿಲ ಹಿಂದೆ ನಿಂತು ಕೇಳುವುದಷ್ಟೇ ಅವರ ಪಾಲೇ? ಅನುಭವಗೋಷ್ಠಿಯಲ್ಲಿ ಅಕ್ಕಮಹಾದೇವಿಯನ್ನು ಅಲ್ಲಮರು ಪ್ರಶ್ನಿಸಿದರು, ಅಕ್ಕ ಉತ್ತರಿಸಿದಳು. ಪ್ರಶ್ನೆಯನ್ನು ಕಂಡರೆ ಸಿಡುಕುವ ಗುರು, ಮೊದಲ ಭೇಟಿಯಲ್ಲಿಯೇ ಕಾಣಿಕೆಯ ಮಾತೆತ್ತುವ ಗುರು, ಹೆತ್ತವರ ಮೋರೆ ನೋಡಬೇಡವೆನ್ನುವ ಗುರು, ಇವರು ಯಾವ ಮತದವರಾದರೂ ದೂರವಿರತಕ್ಕವರೇ. ಇದೇ ಒರೆಗಲ್ಲಿಗೆ ತನ್ನ ಮನೆಯ ಮತವನ್ನೂ ತಿಕ್ಕಿ ನೋಡಬೇಕು. ಹಾಗೆ ನೋಡಿದ ಎಷ್ಟೋ ತರುಣರು ತಮ್ಮ ಕೊರಳ ಲಿಂಗವನ್ನೇ ಎರಡನೆಯ ಬಾರಿ ವರಿಸಿಯಾರು.

ಗೃಹಸ್ಥನು ಸಂನ್ಯಾಸಿಯಲ್ಲ, ಅವನ ಆಯ್ಕೆಯ ಭಾರ ಮನೆಯವರ ಮೇಲೂ ಬೀಳುತ್ತದೆ. ಸಂವಿಧಾನದ 25ನೆಯ ಅನುಚ್ಛೇದವು ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನು ಎಲ್ಲರಿಗೂ ಕೊಟ್ಟಿದೆ. ಆದರೆ ಇನ್ನೊಬ್ಬನನ್ನು ಮತಾಂತರಗೊಳಿಸುವುದು ಆ ಹಕ್ಕಿನೊಳಗೆ ಸೇರದೆಂದು 1977ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. 1955ರ ಹಿಂದೂ ವಿವಾಹ ಕಾಯಿದೆಯು ವೀರಶೈವ, ಲಿಂಗಾಯತರನ್ನು ಹೆಸರಿಸಿಯೇ ತನ್ನ ವ್ಯಾಪ್ತಿಗೆ ತೆಗೆದುಕೊಂಡಿದೆ. ಆ ಕಾಯಿದೆಯ ಪ್ರಕಾರ ಗಂಡನಾಗಲಿ ಹೆಂಡತಿಯಾಗಲಿ ಅನ್ಯಧರ್ಮಕ್ಕೆ ಸೇರಿದರೆ ಮತ್ತೊಬ್ಬರು ವಿಚ್ಛೇದನ ಕೇಳಬಹುದು. 1956ರ ಉತ್ತರಾಧಿಕಾರ ಕಾಯಿದೆಯಂತೆ, ಮತಾಂತರದ ಅನಂತರ ಹುಟ್ಟಿದ ಮಕ್ಕಳಿಗೆ ಹಿಂದೂ ಬಂಧುಗಳ ಆಸ್ತಿಯಲ್ಲಿ ಉತ್ತರಾಧಿಕಾರದ ತೊಡಕುಂಟು. ಹೆಂಡತಿಗೆ ತಿಳಿಸದೆ ಗುಟ್ಟಾಗಿ ಮತ ಬದಲಿಸಿದವನು ಸತ್ಯವನ್ನು ಅರಸಿ ಹೊರಟವನೆಂದು ಹೇಳುವುದು ಕಷ್ಟ.

ಇನ್ನು ಹಿರಿಯರ ಕರ್ತವ್ಯ. ಭೀಮಾತೀರದ ಸನ್ನತಿಯಲ್ಲಿ ಚಂದ್ರಲಾಂಬೆಯ ಗುಡಿಯ ಆವರಣದಲ್ಲಿ 1986ರಲ್ಲಿ ಕಾಳಿಯ ಗುಡಿಯ ಚಾವಣಿ ಕುಸಿಯಿತು. ದೇವಿಯ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನವಿರುವುದು ಆಗ ಬೆಳಕಿಗೆ ಬಂತು. ಅದರಲ್ಲಿ ಅವನ ಹನ್ನೆರಡನೆಯ ಶಿಲಾಶಾಸನದ ಭಾಗವೂ ಇದೆ. ತನ್ನ ಮತದ ಮೇಲಿನ ಅಭಿಮಾನದಿಂದ ಪರಮತವನ್ನು ಹಳಿಯುವವನು ತನ್ನ ಮತಕ್ಕೇ ಕೇಡು ಮಾಡುತ್ತಾನೆಂಬುದು ಆ ಶಾಸನದ ತಾತ್ಪರ್ಯ. ಅಲ್ಲಿಗೆ ದೂರವಲ್ಲದ ಮಳಖೇಡದಲ್ಲಿ ಆಳಿದ ನೃಪತುಂಗನ ಕಾಲದ ಕವಿರಾಜಮಾರ್ಗವೂ ಪರರ ವಿಚಾರವನ್ನು, ಪರರ ಧರ್ಮವನ್ನು ಸೈರಿಸುವುದನ್ನೇ ನಿಜವಾದ ಸಂಪತ್ತೆಂದು ಎಣಿಸಿತು. ಇಂತಹ ನೆಲದಲ್ಲಿ ಬಾಳುವವರು, ಮಗನು ವರುಷಗಟ್ಟಲೆ ಯೋಚಿಸಿ, ಮನೆಯವರೊಡನೆ ಬಿಚ್ಚಿ ಮಾತನಾಡಿ, ಕಡೆಗೆ ಬೇರೆ ದಾರಿ ಹಿಡಿದರೆ ಅವನಿಗೆ ಬಾಗಿಲು ಮುಚ್ಚುವುದು ಸಲ್ಲದು. ಅವನು ತನ್ನ ಇಷ್ಟಲಿಂಗವನ್ನು ಎಲ್ಲಿಯೋ ಇಟ್ಟು ಮರೆಯದೆ, ದೀಕ್ಷೆ ಕೊಟ್ಟ ಗುರುವಿನ ಕೈಗೆ ಭಕ್ತಿಯಿಂದ ಒಪ್ಪಿಸಲಿ. ತಾಯಿ ಯುಗಾದಿಗೆ ಅವನನ್ನು ಕರೆದು, ಎಲ್ಲರ ಸಾಲಿನಲ್ಲಿ ಅವನಿಗೂ ಎಲೆ ಹಾಕಲಿ. ಅವನ ತಮ್ಮಂದಿರು ಅವನ ಪಕ್ಕದಲ್ಲಿಯೇ ಕುಳಿತು ಉಣ್ಣಲಿ.