ಗಂಟು ಕ್ಯಾನ್ಸರ್ ಅಲ್ಲ ಎಂದ ಮೇಲೂ ಹೆದರಬೇಕೆ?

ಪ್ರಶ್ನೆ: ನನಗೆ 42 ವರ್ಷ, ಫ್ರೀಮಾಂಟ್‌ನಲ್ಲಿದ್ದೇನೆ. ಎಡ ಸ್ತನದಲ್ಲಿ ಗಂಟು ಕಂಡು ಬಯಾಪ್ಸಿ ಆಯಿತು. ಕ್ಯಾನ್ಸರ್ ಅಲ್ಲ ಎಂದರು. ವರದಿಯಲ್ಲಿ 'ಫೈಬ್ರೋಅಡೆನೋಮಾ, ಯೂಷುವಲ್ ಡಕ್ಟಲ್ ಹೈಪರ್‌ಪ್ಲೇಸಿಯಾ, ನೋ ಏಟಿಪಿಯಾ' ಎಂದಿದೆ. ಇಂಥವರಿಗೆ ಮುಂದೆ ಕ್ಯಾನ್ಸರ್ ಬರುವ ಸಂಭವ ಎರಡು ಪಟ್ಟು ಎಂದು ಎಲ್ಲೋ ಓದಿದೆ. ದೊಡ್ಡಮ್ಮನಿಗೂ ಸ್ತನ ಕ್ಯಾನ್ಸರ್ ಆಗಿತ್ತು. ಮೈಸೂರಿನಿಂದ ಅಮ್ಮ 'ಅದೇ ನಾಳೆ ಕ್ಯಾನ್ಸರ್ ಆದೀತು, ತೆಗೆಸಿಬಿಡು' ಎನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ: ವರದಿಯ ಪದಗಳನ್ನು ಇದ್ದಂತೆಯೇ ಬರೆದು ಕಳಿಸಿದ್ದೀರಿ, ನನ್ನ ಕೆಲಸ ಅರ್ಧ ಹಗುರಾಯಿತು. ಈಗ ಅಮೆರಿಕದಲ್ಲಿ ಎಷ್ಟೋ ಸಲ ಡಾಕ್ಟರು ಫೋನ್ ಮಾಡುವ ಮೊದಲೇ ವರದಿ ಮೊಬೈಲಿಗೆ ಬಂದಿರುತ್ತದೆ. ರಾತ್ರಿ ಒಬ್ಬರೇ ಕುಳಿತು ಅದನ್ನು ಓದಿದರೆ ಯಾರಿಗಾದರೂ ಗಾಬರಿಯಾಗುತ್ತದೆ.

ನಿಮ್ಮ ಪ್ರಶ್ನೆಯೊಳಗೆ ಎರಡು ಸಂಶಯಗಳು ಕೂಡಿಕೊಂಡಿವೆ. ಈ ಗಂಟೇ ಕ್ಯಾನ್ಸರ್ ಆಗಿ ತಿರುಗುತ್ತದೆಯೇ ಎಂಬುದು ಒಂದು. ಇಂಥ ಗಂಟು ಬಂದವರಿಗೆ ಮುಂದೆ ಕ್ಯಾನ್ಸರ್ ಬರುವ ಸಂಭವ ಹೆಚ್ಚೇ ಎಂಬುದು ಇನ್ನೊಂದು. ಹೆಚ್ಚಿನವರು ತಪ್ಪುವುದು ಇಲ್ಲೇ.

ಅಮ್ಮನದು ಮೊದಲನೆಯ ಸಂಶಯ. ಫೈಬ್ರೋಅಡೆನೋಮಾ ಎಂದರೆ ಹಾಲಿನ ಗ್ರಂಥಿ ಮತ್ತು ನಾರಿನ ಅಂಗಾಂಶ ಸೇರಿ ಬೆಳೆದ ಗಂಟು. ಬೆರಳಿಟ್ಟರೆ ಗೋಲಿಯ ಹಾಗೆ ಜಾರುತ್ತದೆ. ಅದು ಕ್ಯಾನ್ಸರ್ ಆಗುವುದು ತೀರ ಅಪರೂಪ. ಬೆಳೆಯುತ್ತಾ ಹೋದರೆ, ನೋವು ಕೊಟ್ಟರೆ, ಅದು ಬೇರೆ ಬಗೆಯ ಗಂಟೇನೋ ಎಂದು ಡಾಕ್ಟರಿಗೆ ಅನುಮಾನ ಬಂದರೆ ತೆಗೆಯುತ್ತಾರೆ. ಇಲ್ಲದಿದ್ದರೆ ಅದರ ಪಾಡಿಗೆ ಅದನ್ನು ಬಿಡುವುದೇ ವಾಡಿಕೆ.

ಎರಡನೆಯದಕ್ಕೆ ಉತ್ತರ ಉಳಿದ ಪದಗಳಲ್ಲಿದೆ. ಮಿನೆಸೋಟಾದ ಮೇಯೋ ಕ್ಲಿನಿಕ್‌ನಲ್ಲಿ 1967ರಿಂದ 1991ರವರೆಗೆ ಬಯಾಪ್ಸಿಯಾಗಿ ಕ್ಯಾನ್ಸರ್ ಅಲ್ಲ ಎನಿಸಿಕೊಂಡ 9,087 ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿ, 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಜೀವಕೋಶಗಳು ಹೆಚ್ಚಾಗಿ ಬೆಳೆಯದವರದು ಒಂದು ಗುಂಪು. ಮೂರರಲ್ಲಿ ಇಬ್ಬರು ಇದರಲ್ಲೇ ಇದ್ದರು. ಬರಿಯ ನೀರುಗುಳ್ಳೆಗಳೂ ಇದಕ್ಕೇ ಸೇರುತ್ತವೆ. ಮನೆತನದಲ್ಲಿ ಕ್ಯಾನ್ಸರ್ ಇಲ್ಲದಿದ್ದರೆ ಈ ಗುಂಪಿಗೆ ಹೆಚ್ಚಿನ ಸಂಭವವೇ ಕಾಣಲಿಲ್ಲ. ಹಾಲಿನ ನಾಳದೊಳಗೆ ಕೋಶಗಳು ಹೆಚ್ಚಿದ್ದರೂ ರೂಪ ಕೆಡದಿದ್ದರೆ, ಅಂದರೆ ಯೂಷುವಲ್ ಡಕ್ಟಲ್ ಹೈಪರ್‌ಪ್ಲೇಸಿಯಾ ಇದ್ದರೆ, ಸಂಭವ ಸುಮಾರು 1.9 ಪಟ್ಟು. ರೂಪವೂ ಕೆಟ್ಟಿದ್ದರೆ, ಅಂದರೆ ಏಟಿಪಿಯಾ ಇದ್ದರೆ, ನಾಲ್ಕು ಪಟ್ಟಿಗೂ ಮೇಲೆ. ಈ ಕೊನೆಯ ಗುಂಪಿನಲ್ಲಿ ಇದ್ದವರು ನೂರಕ್ಕೆ ನಾಲ್ವರು ಮಾತ್ರ. ಅಂಥವರೊಂದಿಗೆ ಡಾಕ್ಟರು ಈ ಸಂಭವ ತಗ್ಗಿಸುವ ಟ್ಯಾಮಾಕ್ಸಿಫೆನ್ ಮಾತ್ರೆಯ ವಿಷಯ ಮಾತಾಡುವುದುಂಟು.

ನಿಮ್ಮ ವರದಿ ಸಾಧಾರಣವಾಗಿ ನಡುವಿನ ಗುಂಪಿಗೆ ಸೇರುತ್ತದೆ. ಕೋಶಗಳ ಹೆಚ್ಚಳ ತೀರ ಅಲ್ಪವಾಗಿದ್ದರೆ ಮೊದಲನೆಯದಕ್ಕೇ. ಆ ಮೂರು ಪದಗಳಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಚಿಕ್ಕ 'ನೋ'. ನೀವು ಓದಿದ 'ಎರಡು ಪಟ್ಟು' ಈ ನಡುವಿನ ಗುಂಪಿನ ಲೆಕ್ಕವೇ ಇರಬೇಕು. ಆದರೆ ಯಾವುದರ ಎರಡು ಪಟ್ಟು? ಅಮೆರಿಕದಲ್ಲಿ 40 ವರ್ಷದ ಸಾವಿರ ಹೆಂಗಸರಲ್ಲಿ ಮುಂದಿನ ಹತ್ತು ವರ್ಷಗಳಲ್ಲಿ ಸ್ತನ ಕ್ಯಾನ್ಸರ್ ಬರುವುದು ಸುಮಾರು 15 ಜನಕ್ಕೆ. ಅದನ್ನು ಇಮ್ಮಡಿ ಮಾಡಿದರೆ 30. ಉಳಿದ 970 ಮಂದಿಗೆ ಬರುವುದಿಲ್ಲ. ಈ ಸಂಭವ ಗಂಟಿರುವ ಜಾಗಕ್ಕೆ ಅಂಟಿಕೊಂಡದ್ದೂ ಅಲ್ಲ, ಎರಡೂ ಸ್ತನಗಳಿಗೆ ಸೇರಿದ್ದು. ಗಂಟು ತೆಗೆಸಿದರೂ ಅದು ಹೋಗುವುದಿಲ್ಲ. ಅಮ್ಮನಿಗೆ ಇದನ್ನು ನಿಧಾನವಾಗಿ ಹೇಳಿ.

ಇನ್ನು ದೊಡ್ಡಮ್ಮ. ನಮ್ಮಲ್ಲಿ ದೊಡ್ಡಮ್ಮನೂ ಅಮ್ಮನೇ, ಚಿಕ್ಕಮ್ಮನೂ ಅಮ್ಮನೇ. ಆಸ್ಪತ್ರೆಯ ಫಾರಂನಲ್ಲಿ ಹಾಗಲ್ಲ: ತಾಯಿ, ಅಕ್ಕತಂಗಿ, ಮಗಳು ಮೊದಲ ಹಂತ, ದೊಡ್ಡಮ್ಮ ಎರಡನೆಯ ಹಂತ, ತೂಕ ಕಡಿಮೆ. ಮಾತಿನ ಭರದಲ್ಲಿ ನರ್ಸ್‌ಗೆ 'ಮದರ್' ಎಂದುಬಿಡಬೇಡಿ. ದೊಡ್ಡಮ್ಮನಿಗೆ ಯಾವ ವಯಸ್ಸಿನಲ್ಲಿ ಕಾಯಿಲೆ ಬಂತು ಎಂಬುದನ್ನೂ ಊರಿಗೆ ಫೋನ್ ಮಾಡಿದಾಗ ಕೇಳಿಟ್ಟುಕೊಳ್ಳಿ.

ಇಂಥ ಅಂಶಗಳನ್ನು ಕೂಡಿಸಿ ಲೆಕ್ಕ ಹಾಕುವ ವಿಧಾನ ರೂಪಿಸಿದವರಲ್ಲಿ ನಿಮ್ಮ ಪಕ್ಕದವರೇ ಇದ್ದಾರೆ. ಸ್ಯಾನ್ ಫ್ರಾನ್ಸಿಸ್ಕೋದ ಯುಸಿಎಸ್‌ಎಫ್‌ನ ಜೆಫ್ರಿ ಟೈಸ್, ಕಾರ್ಲಾ ಕೆರ್ಲಿಕೋವ್ಸ್‌ಕೆ ಮತ್ತು ಸಂಗಡಿಗರು 11 ಲಕ್ಷಕ್ಕೂ ಹೆಚ್ಚು ಹೆಂಗಸರ ಮಾಹಿತಿ ಇಟ್ಟುಕೊಂಡು, ವಯಸ್ಸು, ಮನೆತನ ಮತ್ತು ಸ್ತನದ ಸಾಂದ್ರತೆಯ ಜೊತೆಗೆ ಹಳೆಯ ಬಯಾಪ್ಸಿಯ ಫಲಿತಾಂಶವನ್ನೂ ಸೇರಿಸುವ ಲೆಕ್ಕವನ್ನು 2015ರಲ್ಲಿ ಪ್ರಕಟಿಸಿದರು. ಬಿಸಿಎಸ್‌ಸಿ ಎಂಬ ಹೆಸರಿನ ಆ ಕ್ಯಾಲ್ಕುಲೇಟರ್‌ನಲ್ಲಿ ನಿಮ್ಮ ಸಂಭವ ಎಷ್ಟು ಬರುತ್ತದೆ ಎಂದು ಡಾಕ್ಟರನ್ನು ಕೇಳಿ. ಸಾಂದ್ರತೆ ನಿಮ್ಮ ಮ್ಯಾಮೊಗ್ರಾಂ ವರದಿಯಲ್ಲೇ ಇರುತ್ತದೆ. ಸ್ತನ ಸಾಂದ್ರವಾಗಿದ್ದರೆ ತಿಳಿಸಬೇಕೆಂದು ಕ್ಯಾಲಿಫೋರ್ನಿಯಾದಲ್ಲಿ 2013ರಲ್ಲೇ ಕಾನೂನು ಬಂದಿತ್ತು. ಮ್ಯಾಮೊಗ್ರಾಂ ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ಎಂಬುದನ್ನು ಆ ಸಂಖ್ಯೆ ನೋಡಿ ಇಬ್ಬರೂ ಕೂತು ತೀರ್ಮಾನಿಸಬಹುದು.

ಕೊನೆಗೊಂದು ಸಣ್ಣ ಸಂಗತಿ. ಬಯಾಪ್ಸಿ ಮಾಡಿದ ಜಾಗದಲ್ಲಿ ಎಳ್ಳುಕಾಳಿನಷ್ಟು ಲೋಹದ ಕ್ಲಿಪ್ ಇಟ್ಟಿರುತ್ತಾರೆ, ಈ ಗಂಟನ್ನು ಈಗಾಗಲೇ ಪರೀಕ್ಷಿಸಿದೆ ಎಂಬ ಗುರುತಿಗೆ. ನಿಮಗೂ ಇಟ್ಟಿದ್ದಾರೆಯೇ ಎಂದು ವರದಿಯಲ್ಲಿ ನೋಡಿ. ರಜೆಗೆ ಮೈಸೂರಿಗೆ ಹೋದಾಗ ಅಮ್ಮನ ಒತ್ತಾಯಕ್ಕೆ ಅಲ್ಲೊಮ್ಮೆ ಸ್ಕ್ಯಾನ್ ಮಾಡಿಸುವಂತಾದರೆ, ಈ ವರದಿಯ ಪ್ರತಿ ಬ್ಯಾಗಿನಲ್ಲಿರಲಿ, ಕ್ಲಿಪ್ ಇದೆ ಎಂದು ಮೊದಲೇ ಹೇಳಿ. ಇಲ್ಲದಿದ್ದರೆ ಅದೇ ಗಂಟಿಗೆ ಇನ್ನೊಂದು ಸೂಜಿ ಬಿದ್ದೀತು.