ಕುಲನಾಮವೂ ಊರಿನ ಹೆಸರೂ

ದೊಡ್ಡದೊಂದು ಪುಸ್ತಕಭಂಡಾರದ ಗ್ರಂಥಕರ್ತೃಸೂಚಿಯಲ್ಲಿ 'ನರಸಿಂಹಾಚಾರ್' ಎಂಬ ಹೆಸರನ್ನು ಹುಡುಕಿದರೆ ಒಬ್ಬರಲ್ಲ, ಹಲವರು ದೊರೆಯುತ್ತಾರೆ. ಆರ್. ನರಸಿಂಹಾಚಾರ್ (೧೮೬೦–೧೯೩೬) ಅವರು ಮೈಸೂರು ಸಂಸ್ಥಾನದ ಪ್ರಾಕ್ತನ ಸಂಶೋಧನ ಶಾಖೆಯ ಮುಖ್ಯಾಧಿಕಾರಿಗಳಾಗಿದ್ದು, ಮೂರು ಸಂಪುಟಗಳ 'ಕರ್ಣಾಟಕ ಕವಿಚರಿತೆ'ಯನ್ನು ರಚಿಸಿದವರು. ಪು. ತಿ. ನರಸಿಂಹಾಚಾರ್ (೧೯೦೫–೧೯೯೮) ಅವರು ಮೇಲುಕೋಟೆಯ ಕವಿಗಳು, ಗೀತನಾಟಕಕಾರರು. ಡಿ. ಎಲ್. ನರಸಿಂಹಾಚಾರ್ (೧೯೦೬–೧೯೭೧) ಅವರು ಹಳಗನ್ನಡ ಗ್ರಂಥಗಳ ಸಂಪಾದನೆಯನ್ನು ಒಂದು ಶಾಸ್ತ್ರವಾಗಿ ನಿಲ್ಲಿಸಿದ ವಿದ್ವಾಂಸರು. ಒಬ್ಬರು ಶಾಸನಗಳನ್ನು ಓದಿದರು, ಒಬ್ಬರು ಕಾವ್ಯವನ್ನು ಬರೆದರು, ಮತ್ತೊಬ್ಬರು ಓಲೆಗರಿಗಳ ಪಾಠಾಂತರಗಳನ್ನು ತೂಗಿ ನೋಡಿದರು. ಸೂಚಿಯಲ್ಲಿ ಮಾತ್ರ ಮೂವರೂ ಒಂದೇ ಮನೆಯ ಅಣ್ಣತಮ್ಮಂದಿರಂತೆ ಸಾಲಾಗಿ ನಿಂತಿದ್ದಾರೆ.

ಈ ಸಾಲು ಏನನ್ನು ತಿಳಿಸುತ್ತದೆ? ರಕ್ತಸಂಬಂಧವನ್ನೇ? ಒಂದೇ ಊರನ್ನೇ? ಅಥವಾ ಏನನ್ನೂ ಅಲ್ಲವೇ? ಮೇಲುನೋಟಕ್ಕೆ ಇದು ಪುಸ್ತಕಪಾಲಕರ ಚಿಂತೆಯೆಂದು ತೋರಬಹುದು. ಆದರೆ ಹೆಸರಿನ ಮೂಲಕ ವಂಶವನ್ನು ಅಳೆಯುವ ವಿಜ್ಞಾನವೊಂದು ನೂರೈವತ್ತು ವರ್ಷಗಳಿಂದ ಬೆಳೆದು ಬಂದಿದೆ. ಅದರ ಆಧಾರವನ್ನು ನಮ್ಮ ನೆಲದ ಹೆಸರುಗಳ ಮೇಲಿಟ್ಟು ಪರೀಕ್ಷಿಸಿದರೆ ಬಹಳ ಸ್ವಾರಸ್ಯವಾದ ಸಂಗತಿಗಳು ಹೊರಬೀಳುತ್ತವೆ.

ಕುಲನಾಮದ ಗಣಿತ

ಇಂಗ್ಲೆಂಡಿನಲ್ಲಿ ಫ್ರಾನ್ಸಿಸ್ ಗಾಲ್ಟನ್ ಎಂಬ ವಿದ್ವಾಂಸನು ೧೮೭೩ರಲ್ಲಿ ಒಂದು ಪ್ರಶ್ನೆಯನ್ನು ಗಣಿತಜ್ಞರ ಮುಂದಿಟ್ಟನು. ಹಿಂದೆ ಪ್ರಸಿದ್ಧವಾಗಿದ್ದ ಕುಲನಾಮಗಳು ಕಾಲಕ್ರಮದಲ್ಲಿ ಅಳಿದುಹೋಗುವುದು ಕಂಡುಬಂದಿತ್ತು. ಆ ಕುಲಗಳು ಬಲಗುಂದಿದವೋ, ಅಥವಾ ಇದು ಕೇವಲ ಆಕಸ್ಮಿಕದ ಫಲವೋ? ಎಚ್. ಡಬ್ಲ್ಯು. ವಾಟ್ಸನ್ ಎಂಬ ಪಾದ್ರಿಯು ಉತ್ತರವನ್ನು ಕೊಟ್ಟನು; ಇಬ್ಬರ ಲೇಖನವೂ ೧೮೭೪ರಲ್ಲಿ ಪ್ರಕಟವಾಯಿತು.

ಆ ಲೆಕ್ಕವನ್ನು ಸುಲಭವಾದ ಒಂದು ಉದಾಹರಣೆಯಿಂದ ತಿಳಿಯೋಣ. ಕುಲನಾಮವು ತಂದೆಯಿಂದ ಗಂಡುಮಕ್ಕಳಿಗೆ ಮಾತ್ರ ಇಳಿಯುವುದೆಂದು ಇಟ್ಟುಕೊಳ್ಳೋಣ. ಒಬ್ಬನಿಗೆ ಗಂಡುಮಕ್ಕಳೇ ಇಲ್ಲದಿರುವ ಸಂಭವ ೧/೪, ಒಬ್ಬ ಮಗನಿರುವ ಸಂಭವ ೧/೪, ಇಬ್ಬರಿರುವ ಸಂಭವ ೧/೨ ಆಗಿರಲಿ. ಒಬ್ಬನಿಂದ ಆರಂಭವಾದ ಹೆಸರು ಎಂದಾದರೊಂದು ದಿನ ಅಳಿಯುವ ಸಂಭವವನ್ನು 'ಲ' ಎಂದು ಕರೆಯೋಣ. ಹೆಸರು ಅಳಿಯುವುದು ಮೂರು ಬಗೆ: ಮಕ್ಕಳೇ ಇಲ್ಲದಿರಬಹುದು, ಇರುವ ಒಬ್ಬ ಮಗನ ಶಾಖೆ ಅಳಿಯಬಹುದು, ಇಬ್ಬರಿದ್ದರೆ ಎರಡು ಶಾಖೆಗಳೂ ಅಳಿಯಬೇಕು. ಆದಕಾರಣ,

ಲ = ೧/೪ + ಲ/೪ + ಲ²/೨

ಎಂದಾಗುತ್ತದೆ. ಇದನ್ನು ಬಿಡಿಸಿದರೆ ಲ = ೧ ಮತ್ತು ಲ = ೧/೨ ಎಂಬ ಎರಡು ಉತ್ತರಗಳು ಬರುತ್ತವೆ. ಯಾವುದು ಸರಿ? ತಲೆಮಾರು ತಲೆಮಾರಾಗಿ ಎಣಿಸಿ ನೋಡಿದರೆ ಸಂಶಯ ಪರಿಹಾರವಾಗುತ್ತದೆ. ಮೊದಲ ತಲೆಮಾರಿನಲ್ಲೇ ಹೆಸರು ಅಳಿಯುವ ಸಂಭವ ೧/೪. ಎರಡನೆಯದು ಮುಗಿಯುವಷ್ಟರಲ್ಲಿ ಅದು ೧೧/೩೨. ಹೀಗೆ ಏರುತ್ತ ಏರುತ್ತ ಅದು ೧/೨ನ್ನು ಸಮೀಪಿಸುವುದೇ ಹೊರತು ಅದನ್ನು ದಾಟುವುದಿಲ್ಲ. ಎಂದರೆ, ಸರಾಸರಿಯಾಗಿ ಒಬ್ಬನಿಗೆ ಒಂದೂಕಾಲು ಗಂಡುಮಕ್ಕಳಿರುವ ಸಮೃದ್ಧ ಸಮಾಜದಲ್ಲಿಯೂ ಇಂಥ ಹೆಸರುಗಳಲ್ಲಿ ಅರ್ಧದಷ್ಟು ಅಳಿಯುತ್ತವೆ, ಅರ್ಧದಷ್ಟು ಉಳಿಯುತ್ತವೆ. ಸರಾಸರಿಯು ಒಂದೇ ಆಗಿದ್ದರೂ, ಒಂದಕ್ಕಿಂತ ಕಡಿಮೆಯಾಗಿದ್ದರೂ ಅಳಿವು ಖಂಡಿತ. ವಾಟ್ಸನ್ ಮಾತ್ರ ೧ ಎಂಬ ಉತ್ತರವನ್ನೇ ಹಿಡಿದು, ಎಲ್ಲ ಹೆಸರುಗಳೂ ಅಳಿಯತಕ್ಕವೇ ಎಂಬ ನಿರ್ಣಯಕ್ಕೆ ಬಂದನು. ಡೆನ್ಮಾರ್ಕಿನ ಸ್ಟೆಫೆನ್‌ಸನ್ ೧೯೩೦ರಲ್ಲಿ ಇದನ್ನು ಪೂರ್ಣವಾಗಿ ಬಿಡಿಸಿ ತೋರಿಸಿದನು.

ನಮಗೆ, ಎಂದರೆ ಭೌತಶಾಸ್ತ್ರವನ್ನು ಬೋಧಿಸುವವರಿಗೆ, ಈ ಲೆಕ್ಕ ಹಳೆಯ ಪರಿಚಿತನಂತೆ ಕಾಣುತ್ತದೆ. ಯುರೇನಿಯಂ ಪರಮಾಣುವನ್ನು ಒಡೆದ ನ್ಯೂಟ್ರಾನು ಹೊಸ ನ್ಯೂಟ್ರಾನುಗಳನ್ನು ಹೆರುತ್ತದೆ; ಅವುಗಳಲ್ಲಿ ಕೆಲವು ವ್ಯರ್ಥವಾಗುತ್ತವೆ, ಕೆಲವು ಮತ್ತೆ ಪರಮಾಣುಗಳನ್ನು ಒಡೆಯುತ್ತವೆ. ಸರಪಳಿ ಮುಂದುವರಿಯುವುದೋ ಆರಿಹೋಗುವುದೋ ಎಂಬುದನ್ನು ನಿರ್ಧರಿಸುವುದು ಇದೇ ಗಣಿತ. ಕುಲನಾಮಕ್ಕೂ ಪರಮಾಣು ಸ್ಥಾವರಕ್ಕೂ ಒಂದೇ ಸಮೀಕರಣ!

ಲೆಕ್ಕದ ಆಧಾರ ನಮ್ಮಲ್ಲಿ ನಿಲ್ಲುವುದೆ?

ಈ ಲೆಕ್ಕವೆಲ್ಲ ನಿಂತಿರುವುದು ಒಂದೇ ಆಧಾರದ ಮೇಲೆ: ಹೆಸರು ತಂದೆಯಿಂದ ಮಗನಿಗೆ ಬದಲಾಗದೆ ಇಳಿಯಬೇಕು. ಉತ್ತರ ಕರ್ನಾಟಕದ ಅಡ್ಡಹೆಸರುಗಳಲ್ಲಿ ಇದು ಬಹುಮಟ್ಟಿಗೆ ಸತ್ಯ. ಹಳೆಯ ಮೈಸೂರು ಸೀಮೆಯಲ್ಲಿ ಹಾಗಲ್ಲ. ಇಲ್ಲಿ ವಾಡಿಕೆಯಾಗಿದ್ದ ಕ್ರಮವೆಂದರೆ, ಮೊದಲು ಊರಿನ ಹೆಸರು, ಅನಂತರ ತಂದೆಯ ಹೆಸರು, ಕೊನೆಗೆ ಸ್ವಂತ ಹೆಸರು. ಮೊದಲಿನ ಎರಡು ಕೇವಲ ಅಕ್ಷರಗಳಾಗಿ ಮುದುಡಿಕೊಳ್ಳುತ್ತವೆ. ಸ್ವಂತ ಹೆಸರೇ ಕುಲನಾಮದ ಪೀಠದ ಮೇಲೆ ಕುಳಿತುಕೊಳ್ಳುತ್ತದೆ. ನರಸಿಂಹಾಚಾರ್ ಎಂಬುದು ಕುಲನಾಮವೇ ಅಲ್ಲ, ತೊಟ್ಟಿಲಲ್ಲಿ ಇಟ್ಟ ಹೆಸರು. ಆ ಹೆಸರು ಹಲವು ಮನೆಗಳಲ್ಲಿ ಕಾಣಿಸಲು ಕಾರಣ ವಂಶವಲ್ಲ, ದೇವರು.

ಆದುದರಿಂದ ಕುಲದ ಸುಳಿವನ್ನು ಹೆಸರಿನ ಕೊನೆಯಲ್ಲಿ ಅಲ್ಲ, ಮೊದಲಿನಲ್ಲಿ ಹುಡುಕಬೇಕು. ಬೆಂಗಳೂರಿನ ಗ್ರಾಮಾಂತರ ತಾಲ್ಲೂಕುಗಳನ್ನೇ ತೆಗೆದುಕೊಳ್ಳೋಣ. ಡಿ. ವಿ. ಗುಂಡಪ್ಪ, ಡಿ. ಎಲ್. ನರಸಿಂಹಾಚಾರ್, ಡಿ. ಆರ್. ನಾಗರಾಜ್ ಎಂಬ ಮೂವರ ಹೆಸರೂ 'ಡಿ' ಎಂಬ ಒಂದೇ ಅಕ್ಷರದಿಂದ ಆರಂಭವಾಗುತ್ತದೆ. ಮೊದಲನೆಯದು ದೇವನಹಳ್ಳಿ, ಎರಡನೆಯದು ದೊಡ್ಡಬೆಲೆ, ನೆಲಮಂಗಲ ತಾಲ್ಲೂಕಿನಲ್ಲಿ ರೈಲು ನಿಲ್ದಾಣವುಳ್ಳ ಊರು, ಮೂರನೆಯದು ದೊಡ್ಡಬಳ್ಳಾಪುರ. ಡಿ.ವಿ.ಜಿ. (೧೮೮೭–೧೯೭೫) ಅವರು ಹುಟ್ಟಿದುದು ಮುಳಬಾಗಿಲಿನಲ್ಲಿ. ಪತ್ರಿಕೋದ್ಯಮಿಗಳಾಗಿ, 'ಮಂಕುತಿಮ್ಮನ ಕಗ್ಗ'ದ ಕವಿಗಳಾಗಿ, ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯ ಸ್ಥಾಪಕರಾಗಿ ಬಾಳಿದುದು ಬೆಂಗಳೂರಿನಲ್ಲಿ. ಆದರೂ ದೇವನಹಳ್ಳಿ ಅವರ ಹೆಸರಿನ ತಲೆಬಾಗಿಲಲ್ಲಿ ಉಳಿಯಿತು. ಡಿ. ಎಲ್. ನರಸಿಂಹಾಚಾರ್ ಅವರು ಮೈಸೂರಿನಲ್ಲಿ ಪಾಠ ಹೇಳುತ್ತ 'ವಡ್ಡಾರಾಧನೆ'ಯನ್ನೂ 'ಶಬ್ದಮಣಿದರ್ಪಣ'ವನ್ನೂ ಸಂಪಾದಿಸಿದರು. ೧೯೬೦ರಲ್ಲಿ ಬೀದರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ದೊಡ್ಡಬಳ್ಳಾಪುರದಲ್ಲಿಯೇ ಹುಟ್ಟಿದ ನಾಗರಾಜ್ (೧೯೫೪–೧೯೯೮) ಅವರು ಸಾಹಿತ್ಯ ವಿಮರ್ಶಕರಾಗಿ ಬೆಳೆದು ಅಮೆರಿಕದ ಷಿಕಾಗೊ ವಿಶ್ವವಿದ್ಯಾನಿಲಯದಲ್ಲಿಯೂ ಬೋಧಿಸಿದರು. ಹೀಗೆ ಕೊನೆಯ ಹೆಸರು ಒಂದಾದರೆ ಮನೆ ಒಂದಲ್ಲ. ಮೊದಲ ಅಕ್ಷರ ಒಂದಾದರೆ ಊರೂ ಒಂದಲ್ಲ. ಹೊಸಕೋಟೆಯವರ ಅಕ್ಷರ 'ಎಚ್' ತಾನೆ? ಭೌತಶಾಸ್ತ್ರಜ್ಞ ಎಚ್. ನರಸಿಂಹಯ್ಯ (೧೯೨೦–೨೦೦೫) ಅವರ 'ಎಚ್' ಎಂದರೆ ಗೌರಿಬಿದನೂರಿನ ಕಡೆಯ ಹೊಸೂರು.

ತಂದೆ ಮಕ್ಕಳ ನಡುವೆ

ಸಾಲದುದಕ್ಕೆ ಊರಿನ ಅಕ್ಷರವೂ ಸ್ಥಿರವಲ್ಲ. ಡಿ.ವಿ.ಜಿ.ಯವರ ಮಗ, ಸಸ್ಯಶಾಸ್ತ್ರಜ್ಞ ಬಿ. ಜಿ. ಎಲ್. ಸ್ವಾಮಿ (೧೯೧೮–೧೯೮೦) ಅವರ ಹೆಸರಿನಲ್ಲಿ 'ಬಿ' ಎಂದರೆ ಬೆಂಗಳೂರು, 'ಜಿ' ಎಂದರೆ ಗುಂಡಪ್ಪ. ಒಂದೇ ತಲೆಮಾರಿನಲ್ಲಿ ದೇವನಹಳ್ಳಿ ಹೋಗಿ ಬೆಂಗಳೂರು ಬಂದಿತು. ಗಾಲ್ಟನ್ನನ ಲೆಕ್ಕದಲ್ಲಿ ಹೆಸರು ಅಳಿಯಬೇಕಾದರೆ ವಂಶ ಅಳಿಯಬೇಕು. ಇಲ್ಲಿ ವಂಶ ಬೆಳೆಯುತ್ತಿರುವಾಗಲೇ ಹೆಸರು ಅಳಿಯಿತು. ಮನೆಯವರು ಊರು ಬಿಟ್ಟರೆ ಸಾಕು. ಹಾರ್ವರ್ಡಿನಲ್ಲಿ ಇರ್ವಿಂಗ್ ಬೈಲಿ ಎಂಬ ಆಚಾರ್ಯರ ಬಳಿ ಸಂಶೋಧನೆ ನಡೆಸಿದ ಸ್ವಾಮಿಯವರು ಒಂದು ಸಸ್ಯಕ್ಕೆ ಗುರುವಿನ ಹೆಸರನ್ನಿಟ್ಟು 'ಸಾರ್ಕಾಂಡ್ರ ಇರ್ವಿಂಗ್‌ಬೈಲಿಯೈ' ಎಂದು ಕರೆದರು. ಸಸ್ಯಶಾಸ್ತ್ರದ ನಿಯಮದಂತೆ ಆ ಹೆಸರಿನ ಮುಂದೆ ನಾಮಕರಣ ಮಾಡಿದವರ ಹೆಸರು 'ಸ್ವಾಮಿ' ಎಂದಷ್ಟೇ ನಿಲ್ಲುತ್ತದೆ. ಅದನ್ನು ನೋಡಿದ ಪರದೇಶದ ಸಸ್ಯಶಾಸ್ತ್ರಜ್ಞನಿಗೆ ಆತನು ಗುಂಡಪ್ಪನವರ ಮಗನೆಂದು ತಿಳಿಯುವ ಬಗೆಯೇ ಇಲ್ಲ.

ಇದಕ್ಕೆ ವಿರುದ್ಧವಾದ ನಿದರ್ಶನವೂ ಉಂಟು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತ ಕನ್ನಡದಲ್ಲಿ ವಿಜ್ಞಾನವನ್ನು ಬರೆದ ಆರ್. ಎಲ್. ನರಸಿಂಹಯ್ಯನವರ ಮಗ, ವಾಯುಯಾನ ವಿಜ್ಞಾನಿ ರೊದ್ದಂ ನರಸಿಂಹ (೧೯೩೩–೨೦೨೦). ಆಂಧ್ರದ ಗಡಿಯ ರೊದ್ದಂ ಎಂಬ ಊರು ಇಲ್ಲಿ ತಂದೆಯಿಂದ ಮಗನಿಗೆ ಇಳಿದು ನಿಜವಾದ ಕುಲನಾಮದ ಕೆಲಸವನ್ನು ಮಾಡಿದೆ.

ಇನ್ನೂ ತೊಡಕಿನ ನಿದರ್ಶನ ಸಿ. ವಿ. ರಾಮನ್ನರ ಬಂಧುವರ್ಗ. 'ಎಸ್. ಚಂದ್ರಶೇಖರ್' ಎಂಬ ಹೆಸರಿನ ಇಬ್ಬರು ವಿಜ್ಞಾನಿಗಳು ಅವರಿಗೆ ಹತ್ತಿರದ ನಂಟರು. ಒಬ್ಬರು ಅಣ್ಣನ ಮಗ, ನಕ್ಷತ್ರಗಳ ಅಂತ್ಯಕಾಲವನ್ನು ಗಣಿಸಿ ೧೯೮೩ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಸುಬ್ರಹ್ಮಣ್ಯನ್ ಚಂದ್ರಶೇಖರ್ (೧೯೧೦–೧೯೯೫). ಮತ್ತೊಬ್ಬರು ಸೋದರಿಯ ಮಗ, ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯಲ್ಲಿ ೧೯೭೭ರಲ್ಲಿ ತಟ್ಟೆಯಾಕಾರದ ಅಣುಗಳಿಂದಾದ ದ್ರವಸ್ಫಟಿಕಗಳನ್ನು ಸಹೋದ್ಯೋಗಿಗಳೊಡನೆ ಕಂಡುಹಿಡಿದ ಶಿವರಾಮಕೃಷ್ಣ ಚಂದ್ರಶೇಖರ್ (೧೯೩೦–೨೦೦೪). ಇವರ ಒಡಹುಟ್ಟಿದವರಾದ ಎಸ್. ರಾಮಶೇಷನ್ ಸ್ಫಟಿಕ ವಿಜ್ಞಾನಿ, ಎಸ್. ಪಂಚರತ್ನಂ ಧ್ರುವೀಕೃತ ಬೆಳಕಿನ ಸಂಶೋಧಕ. ಒಡಹುಟ್ಟಿದ ಮೂವರನ್ನು ಕೊನೆಯ ಹೆಸರು ಬೇರ್ಪಡಿಸುತ್ತದೆ. ಬೇರೆ ಬೇರೆ ತಂದೆಯರ ಇಬ್ಬರನ್ನು ಒಬ್ಬನೇ ಎಂಬಂತೆ ಕೂಡಿಸುತ್ತದೆ.

ಲೆಕ್ಕ ತಪ್ಪಿದರೆ ಹಾನಿ ಏನು?

ಚಾರ್ಲ್ಸ್ ಡಾರ್ವಿನ್ ತನ್ನ ಚಿಕ್ಕಂದಿನ ಬಂಧುವೂ ಸೋದರಸಂಬಂಧಿಯೂ ಆದ ಎಮ್ಮಳನ್ನು ಮದುವೆಯಾಗಿದ್ದನು. ಅವರ ಮಗ ಜಾರ್ಜ್ ಡಾರ್ವಿನ್ ೧೮೭೫ರಲ್ಲಿ ಒಂದು ಉಪಾಯವನ್ನು ಹೂಡಿದನು. ವಧೂವರರ ಕುಲನಾಮ ಒಂದೇ ಆಗಿರುವ ಮದುವೆಗಳನ್ನು ಎಣಿಸಿ, ಆಕಸ್ಮಿಕವಾಗಿ ಕೂಡಿದವುಗಳನ್ನು ಕಳೆದರೆ, ದೇಶದಲ್ಲಿ ಸೋದರಸಂಬಂಧದ ಮದುವೆಗಳು ಎಷ್ಟೆಂದು ಅಂದಾಜು ಮಾಡಬಹುದು. ಅಮೆರಿಕದ ಕ್ರೋ ಮತ್ತು ಮ್ಯಾಂಜ್ ಎಂಬವರು ೧೯೬೫ರಲ್ಲಿ ಈ ಉಪಾಯವನ್ನು ತಳಿಶಾಸ್ತ್ರದ ಕ್ರಮಬದ್ಧ ವಿಧಾನವಾಗಿ ಮಾರ್ಪಡಿಸಿದರು. ಹತ್ತಿರದ ಬಂಧುಗಳ ಸಂತಾನದಲ್ಲಿ ಅಡಗಿರುವ ಆನುವಂಶಿಕ ರೋಗಗಳು ಪ್ರಕಟವಾಗುವ ಸಂಭವ ಹೆಚ್ಚು. ಆದಕಾರಣ ಈ ಅಂದಾಜು ಆರೋಗ್ಯದ ವಿಷಯವೂ ಹೌದು.

ಇದನ್ನು ನಮ್ಮ ಹಳ್ಳಿಗಳಿಗೆ ಅನ್ವಯಿಸಿದರೆ ಏನಾಗುವುದು? ಮೊದಲನೆಯದಾಗಿ, ಕೊನೆಯ ಹೆಸರು ಕುಲನಾಮವಲ್ಲವಾದ್ದರಿಂದ ಎಣಿಕೆಗೆ ಅರ್ಥವೇ ಇಲ್ಲ. ಎರಡನೆಯದು ಇನ್ನೂ ಮುಖ್ಯವಾದುದು. ನಮ್ಮಲ್ಲಿ ನಿಜವಾದ ಕುಲನಾಮಗಳೇ ಇದ್ದಿದ್ದರೂ ಉಪಾಯ ಫಲಿಸುತ್ತಿರಲಿಲ್ಲ. ದಕ್ಷಿಣ ದೇಶದಲ್ಲಿ ರೂಢಿಯಾಗಿ ಬಂದಿರುವುದು ಸೋದರಮಾವನ ಮಗಳು, ಸೋದರತ್ತೆಯ ಮಗಳು, ಅಕ್ಕನ ಮಗಳು ಇವರೊಡನೆ ಮದುವೆ. ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳು ಒಡಹುಟ್ಟಿದವರಿಗೆ ಸಮಾನ. ಮೂರು ಬಗೆಯಲ್ಲಿಯೂ ವಧೂವರರ ತಂದೆಯರ ಕುಲ ಬೇರೆ ಬೇರೆ. ಹೆಸರುಗಳನ್ನು ಎಣಿಸಿದವನು 'ಇಲ್ಲಿ ಬಂಧುವಿವಾಹವೇ ಇಲ್ಲ' ಎಂದು ಬರೆದುಕೊಂಡು ಹೋದಾನು! ವಾಸ್ತವವಾಗಿ ಸೋದರಸಂಬಂಧಿಗಳು ತಮ್ಮ ಆನುವಂಶಿಕ ದ್ರವ್ಯದಲ್ಲಿ ಸರಾಸರಿ ೧/೮ ಭಾಗವನ್ನು, ಸೋದರಮಾವನೂ ಸೊಸೆಯೂ ೧/೪ ಭಾಗವನ್ನು ಸಮಾನವಾಗಿ ಹೊಂದಿರುತ್ತಾರೆ. ಎಲ್ಲಿ ಎಣಿಕೆ ಸೊನ್ನೆಯನ್ನು ತೋರಿಸುವುದೋ ಅಲ್ಲಿಯೇ ಸಂಬಂಧ ಅತ್ಯಂತ ನಿಕಟವಾಗಿರುತ್ತದೆ. ಇದನ್ನು ತಿಳಿಯಲು ಹೆಸರು ಸಾಲದು. ಮನೆಮನೆಗೆ ಹೋಗಿ ವಂಶವೃಕ್ಷವನ್ನು ಕೇಳಿ ಬರೆದುಕೊಳ್ಳಬೇಕು. ನಂಟುಗಳನ್ನು ನೆನಪಿನಲ್ಲಿಟ್ಟುಕೊಂಡಿರುವ ಅಜ್ಜಿಯರು ಈ ವಿಷಯದಲ್ಲಿ ಯಾವ ಸೂಚಿಗಿಂತಲೂ ಉತ್ತಮ ಆಧಾರ.

ದೊಡ್ಡಬಳ್ಳಾಪುರದ ಸಮೀಪದ ಘಾಟಿ ಕ್ಷೇತ್ರವನ್ನು ವಾಚಕರಲ್ಲಿ ಹಲವರು ನೋಡಿರಬಹುದು. ಅಲ್ಲಿ ಒಂದೇ ಶಿಲೆಯಲ್ಲಿ ಪೂರ್ವಾಭಿಮುಖನಾಗಿ ಸುಬ್ರಹ್ಮಣ್ಯ, ಪಶ್ಚಿಮಾಭಿಮುಖನಾಗಿ ನರಸಿಂಹ. ಹಿಂದಿನ ಮೂರ್ತಿ ಭಕ್ತರಿಗೆ ಕಾಣುವಂತೆ ಕನ್ನಡಿಯನ್ನು ಇರಿಸಿದ್ದಾರೆ. ಹೆಸರಿಗೂ ಹೀಗೆಯೇ ಎರಡು ಮುಖ. ಎದುರಿಗೆ ಕಾಣುವುದು ವ್ಯಕ್ತಿ. ಊರು ಮತ್ತು ತಂದೆ ಹಿಂದೆ ಮರೆಯಾಗಿರುತ್ತಾರೆ. ಅವರನ್ನು ಕಾಣಬೇಕಾದರೆ ಬೇರೊಂದು ಸಾಧನ ಬೇಕು.

ವಿದ್ವತ್ಪ್ರಪಂಚದಲ್ಲಿ ಅಂಥ ಒಂದು ಸಾಧನ ೨೦೧೨ರಿಂದ ಬಳಕೆಯಲ್ಲಿದೆ. 'ಆರ್ಕಿಡ್' ಎಂಬ ಈ ಏರ್ಪಾಟಿನಲ್ಲಿ ಪ್ರತಿಯೊಬ್ಬ ಸಂಶೋಧಕನಿಗೂ ಹದಿನಾರು ಸ್ಥಾನಗಳ ಪ್ರತ್ಯೇಕ ಗುರುತು ದೊರೆಯುತ್ತದೆ. ಕೊನೆಯ ಸ್ಥಾನವು ಉಳಿದ ಅಂಕಿಗಳು ಸರಿಯೇ ಎಂದು ಪರೀಕ್ಷಿಸಲು ಇರುವುದು. ಇಬ್ಬರು ಎಸ್. ಚಂದ್ರಶೇಖರರು ಈಗ ಬರೆಯುತ್ತಿದ್ದರೆ ಅವರ ಲೇಖನಗಳು ಬೆರೆತುಹೋಗುತ್ತಿರಲಿಲ್ಲ. ಆದರೆ ಸಂಖ್ಯೆಯು ಒಬ್ಬನನ್ನು ಮತ್ತೊಬ್ಬನಿಂದ ಬೇರ್ಪಡಿಸಬಲ್ಲುದೇ ಹೊರತು, ಅವನು ಎಲ್ಲಿಂದ ಬಂದವನೆಂದು ಹೇಳಲಾರದು.

ಆ ಕೆಲಸವನ್ನು ನಮ್ಮ ಮೊದಲ ಅಕ್ಷರಗಳು ಮೌನವಾಗಿ ಮಾಡುತ್ತ ಬಂದಿವೆ. ಇಂದು ಶಾಲೆಯ, ಪಾಸ್‌ಪೋರ್ಟಿನ ಅರ್ಜಿಗಳು 'ಕುಲನಾಮ' ಎಂಬ ಕೋಷ್ಠಕವನ್ನು ತೋರಿಸಿ ತುಂಬಿರೆಂದು ಕೇಳುವಾಗ, ಹಲವು ಮನೆಗಳಲ್ಲಿ ತಂದೆಯ ಹೆಸರೇ ಅಲ್ಲಿಗೆ ಹೋಗುತ್ತದೆ, ಊರಿನ ಹೆಸರು ಸದ್ದಿಲ್ಲದೆ ಬಿದ್ದುಹೋಗುತ್ತದೆ. ಆದುದರಿಂದ ವಿದ್ಯಾರ್ಥಿಗಳಿಗೆ ನಾವು ಎರಡು ಮಾತುಗಳನ್ನು ಹೇಳಬಯಸುತ್ತೇವೆ. ಹೆಸರನ್ನು ಬರೆಯುವ ಒಂದು ಕ್ರಮವನ್ನು ಮೊದಲೇ ಗೊತ್ತುಮಾಡಿಕೊಂಡು ಎಲ್ಲ ಪತ್ರಗಳಲ್ಲಿಯೂ ಅದನ್ನೇ ಪಾಲಿಸಬೇಕು. ಹೆಸರಿನ ಮೊದಲ ಅಕ್ಷರ ಯಾವ ಊರಿನದೆಂದು ಮನೆಯ ಹಿರಿಯರನ್ನು ಕೇಳಿ, ಪೂರ್ಣವಾಗಿ ಒಂದು ಕಡೆ ಬರೆದಿಡಬೇಕು. ದೇವನಹಳ್ಳಿಯೋ, ದೊಡ್ಡಬೆಲೆಯೋ, ದೊಡ್ಡಬಳ್ಳಾಪುರವೋ ಎಂಬುದನ್ನು ಬಲ್ಲವರು ಇರುವಾಗಲೇ ಆ ಕೆಲಸ ಆಗಬೇಕು. 'ಡಿ' ಎಂಬ ಅಕ್ಷರವೊಂದೇ ಅದನ್ನು ಹೇಳಲಾರದು.